ನಿಮಗಿದು ಗೊತ್ತೇ? ಬೆಂಕಿಯ ಸರೋವರ, ಕೃಷ್ಣೆಯ ಗಡ್ಡಿ

ಆಲಮಟ್ಟಿ ಜಲಾಶಯ ತುಂಬಿದರೆ 123 ಟಿಎಂಸಿ. ಇಂಡೋನೇಷ್ಯಾದ ಸುಮಾತ್ರಾದಲ್ಲಿ ತೋಬಾ ಎಂಬ ಸರೋವರವಿದೆ. ಅದರ ನೀರನ್ನು ನಮ್ಮ ಕಡೆಯ ಲೆಕ್ಕಕ್ಕೆ ಇಳಿಸಿದರೆ ಸುಮಾರು 8,500 ಟಿಎಂಸಿ. ಸರಿಸುಮಾರು ಅರವತ್ತೊಂಬತ್ತು ಆಲಮಟ್ಟಿ! ನಾಲೆಗೆ ನೀರು ಎಂದು ಬಿಡುತ್ತಾರೋ ಎಂದು ನೀರಾವರಿ ಸಲಹಾ ಸಮಿತಿಯ ಸಭೆಗೆ ಕಿವಿಗೊಟ್ಟು ಕೂರುವ ಲಿಂಗಸುಗೂರು, ಸಿಂಧನೂರು, ಮಸ್ಕಿ ಸೀಮೆಯ ರೈತರಿಗೆ ಈ ಅಂಕಿ ಕೇಳಿಯೇ ಹೊಟ್ಟೆಕಿಚ್ಚಾಗಬೇಕು. ಆ ಸರೋವರ ಯಾರೋ ಒಡ್ಡು ಕಟ್ಟಿ ಮಾಡಿದ್ದಲ್ಲ. ಜ್ವಾಲಾಮುಖಿ ಒಳಗಿದ್ದುದನ್ನೆಲ್ಲ ಕಾರಿಕೊಂಡ ಮೇಲೆ, ಆಧಾರವಿಲ್ಲದೆ ಮೇಲಿನ ನೆಲ ಕುಸಿದು ಆದ ಹೊಂಡ ಅದು. ಉದ್ದ 100 ಕಿ.ಮೀ., ಅಗಲ 30 ಕಿ.ಮೀ., ಅತಿ ಆಳದ ಕಡೆ 500 ಮೀಟರ್.

ಆ ನೀರಿನ ನಡುವೆ ಸಮೋಸಿರ್ ಎಂಬ ದ್ವೀಪ. ಸುಮಾರು 630 ಚದರ ಕಿ.ಮೀ. ವಿಸ್ತಾರ, ಸಿಂಗಪುರಕ್ಕಿಂತ ತುಸು ಚಿಕ್ಕದು. ಅದರ ಮೇಲೆ ಹಳ್ಳಿಗಳು, ಭತ್ತದ ಗದ್ದೆಗಳು, ಶಾಲೆಗಳು, ಚರ್ಚುಗಳು, ಸಂತೆಗಳು. ಈಗ ಅದು ರಜೆಗೆ ಹೋಗುವವರ ಊರು. ಅಜ್ಜಿ, ಮಗು, ಗಿಟಾರು ಸಮೇತ ಕುಟುಂಬಗಳು ದೋಣಿಯಲ್ಲಿ ಬಂದಿಳಿಯುತ್ತವೆ.

ಸಮೋಸಿರ್ ಹುಟ್ಟಿದ ಬಗೆ ಗೊತ್ತೇ? ಸ್ಫೋಟ ಮುಗಿದು ಹೊಂಡದಲ್ಲಿ ನೀರು ನಿಂತ ಮೇಲೂ ಕೆಳಗಿನ ಶಿಲಾರಸ ಸುಮ್ಮನಿರಲಿಲ್ಲ. ಹಂಚಿನ ಮೇಲಿನ ಜೋಳದ ರೊಟ್ಟಿ ಉಬ್ಬುವಂತೆ ಸರೋವರದ ತಳವೇ ನೂರಾರು ಮೀಟರ್ ಮೇಲೆ ಉಬ್ಬಿ ಬಂತು. ದ್ವೀಪದ ಎತ್ತರದ ಹೊಲಗಳಲ್ಲಿ ಅಗೆದರೆ ಕೆರೆಯ ಹೂಳು ಸಿಗುತ್ತದೆ. ಅಂದರೆ ಅಲ್ಲಿಯ ರೈತರು ಉಳುತ್ತಿರುವುದು ಒಂದು ಕಾಲದ ಕೆರೆಯಂಗಳವನ್ನೇ.

ಇನ್ನೊಂದು ತಮಾಷೆ. ಸಮೋಸಿರ್ ಮೊದಲು ಪೂರ್ತಿ ದ್ವೀಪವೇ ಆಗಿರಲಿಲ್ಲ. ಪಂಗುರುರಾನ್ ಎಂಬಲ್ಲಿ ಸಣ್ಣದೊಂದು ನೆಲದ ಪಟ್ಟಿ ಅದನ್ನು ದಡಕ್ಕೆ ಅಂಟಿಸಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಡಚ್ಚರು ಅಲ್ಲಿ ಕಾಲುವೆ ತೋಡಿಸಿದರು, ದ್ವೀಪವಾಯಿತು. ಈಗ ಆ ಕಾಲುವೆಗೆ ಮತ್ತೆ ಸೇತುವೆ ಹಾಕಿದ್ದಾರೆ! ಸುಮಾತ್ರಾ ಸ್ವತಃ ದ್ವೀಪ. ಅದರೊಳಗೆ ತೋಬಾ ಸರೋವರ. ಅದರೊಳಗೆ ಸಮೋಸಿರ್ ದ್ವೀಪ. ಅದರ ಮೇಲೆ ಸಿದಿಹೋನಿ ಎಂಬ ಪುಟ್ಟ ಕೆರೆ. ಮಕ್ಕಳಿಗೆ ಒಗಟು ಹಾಕಲು ಇದಕ್ಕಿಂತ ಒಳ್ಳೆಯದು ಬೇಕೇ?

ಸ್ಫೋಟ ಆದದ್ದು ಸುಮಾರು 74,000 ವರ್ಷಗಳ ಹಿಂದೆ. ಕಳೆದ ಲಕ್ಷಾಂತರ ವರ್ಷಗಳಲ್ಲಿ ಭೂಮಿಯ ಮೇಲೆ ಅಷ್ಟು ದೊಡ್ಡದು ಇನ್ನೊಂದಿಲ್ಲ. ಹೊರಬಿದ್ದ ಶಿಲಾರಸ ಸುಮಾರು 2,800 ಘನ ಕಿ.ಮೀ. ಎಂದು ಅಂದಾಜು. ಅದರ ಸೂಕ್ಷ್ಮ ಬೂದಿಯ ಕಣಗಳು ದಕ್ಷಿಣ ಆಫ್ರಿಕಾದ ಕಡಲತೀರದವರೆಗೂ ಸಿಕ್ಕಿವೆ.

ನಮ್ಮ ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾಕ್ಕೂ ಇದಕ್ಕೂ ಏನು ಸಂಬಂಧ ಎನ್ನಬೇಡಿ. ಗುರುಗುಂಟಾದಿಂದ ತೋಬಾ ನೇರ ಗೆರೆಯಲ್ಲಿ ಸುಮಾರು 2,800 ಕಿ.ಮೀ. ದೂರವಾದರೂ ತೋಬಾದ ಬೂದಿ ನಮ್ಮ ನೆರೆಗೇ ಬಂದು ಬಿದ್ದಿದೆ. ಆಂಧ್ರದ ಬನಗಾನಪಲ್ಲಿ ಗೊತ್ತಲ್ಲ, ಮಾವಿನಹಣ್ಣಿನ ಊರು? ಅದರ ಹತ್ತಿರ ಜ್ವಾಲಾಪುರಂ ಎಂಬ ಹಳ್ಳಿ. ಗುರುಗುಂಟಾದಿಂದ ನೇರ ಎಣಿಸಿದರೆ ಸುಮಾರು 200 ಕಿ.ಮೀ. ಅಲ್ಲಿ ಬಿಳಿ ಬೂದಿಯ ಪದರ ಎರಡು ಮೀಟರಿಗೂ ದಪ್ಪ ಇದೆ. ಮಳೆ, ಹಳ್ಳ ಸುತ್ತಲಿನ ಬೂದಿಯನ್ನೆಲ್ಲ ತಗ್ಗಿಗೆ ತಂದು ಸೇರಿಸಿದ್ದರಿಂದ ಅಷ್ಟು ದಪ್ಪ. ಊರಿಗೆ ಜ್ವಾಲಾಪುರಂ ಎಂದು ಹೆಸರಿಟ್ಟವರಿಗೆ ಈ ಸಂಗತಿ ತಿಳಿದಿರಲಾರದು, ಕಾಕತಾಳೀಯ ಅಷ್ಟೆ.

ಆ ಬೂದಿಯ ಕೆಳಗೂ ಮೇಲೂ ಆದಿಮಾನವರ ಕಲ್ಲಿನ ಉಪಕರಣಗಳು ಸಿಕ್ಕಿದವು. ಉತ್ಖನನ ನಡೆಸಿದ ತಂಡದಲ್ಲಿ ಪ್ರಮುಖರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರೊ. ರವಿ ಕೋರಿಶೆಟ್ಟರ್ ಮತ್ತು ಮೈಕೆಲ್ ಪೆಟ್ರಾಗ್ಲಿಯಾ. ಅವರ ವರದಿ 2007ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ತೋಬಾ ಸ್ಫೋಟದಿಂದ ಸೂರ್ಯ ಮಂಕಾಗಿ, ಚಳಿ ಬಿದ್ದು, ಮನುಷ್ಯಕುಲವೇ ಬಹುಪಾಲು ಅಳಿದುಹೋಯಿತು ಎಂಬ ವಾದ ಅಲ್ಲಿಯವರೆಗೆ ಜೋರಾಗಿತ್ತು. ಜ್ವಾಲಾಪುರಂನಲ್ಲಿ ಬೂದಿ ಬೀಳುವ ಮೊದಲು ಕಲ್ಲು ಕೆತ್ತುತ್ತಿದ್ದವರು ಬಳಸುತ್ತಿದ್ದಂಥದೇ ಉಪಕರಣಗಳು ಬೂದಿ ಬಿದ್ದ ಮೇಲಿನ ಪದರದಲ್ಲೂ ಕಂಡವು. ಜಗಳ ಇನ್ನೂ ಮುಗಿದಿಲ್ಲ. ಆದರೆ ದಖ್ಖನ್ನಿನ ಮಂದಿ ಅಷ್ಟು ಸುಲಭಕ್ಕೆ ಜಗ್ಗುವವರಲ್ಲ ಎಂಬುದಕ್ಕೆ ಪುರಾವೆ ಸಿಕ್ಕಿತಲ್ಲ ಎಂದು ನನಗಂತೂ ಖುಷಿ.

ಅಂದಹಾಗೆ, ಬೂದಿಯ ಮಾತು ಬಂದರೆ ನಮ್ಮ ಸೀಮೆಯದೇ ಒಂದು ದೊಡ್ಡ ಕಥೆಯಿದೆ. ಬಳ್ಳಾರಿ, ರಾಯಚೂರು, ಸುರಪುರದ ಸುತ್ತ ಹೊಲಗಳ ನಡುವೆ ಬೂದಿಯ ದಿಬ್ಬಗಳಿವೆ. ಕೆಲವು ಕಡೆ ಬೂದಿ ಕರಗಿ ಗಾಜಿನ ಕಿಟ್ಟದಂತೆ ಗಟ್ಟಿಯಾಗಿದೆ. ಹಂಪಿಯ ಹತ್ತಿರದ ನಿಂಬಾಪುರದ ದಿಬ್ಬ ವಾಲಿಯನ್ನು ಸುಟ್ಟ ಬೂದಿ ಎಂದು ಜನ ತೋರಿಸುತ್ತಾರೆ. ಮದ್ರಾಸ್ ಸೇನೆಯ ಅಧಿಕಾರಿ ನ್ಯೂಬೋಲ್ಡ್ 1836ರಲ್ಲಿ ಇಂಥ ದಿಬ್ಬಗಳನ್ನು ಜ್ವಾಲಾಮುಖಿಯ ಕಿಟ್ಟವೆಂದು ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಗೆ ಬರೆದ! ವಾಲಿಯೂ ಅಲ್ಲ, ಜ್ವಾಲಾಮುಖಿಯೂ ಅಲ್ಲ. ಅದು ಸಗಣಿ. ನಾಲ್ಕೈದು ಸಾವಿರ ವರ್ಷಗಳ ಹಿಂದೆ ದನಗಾಹಿಗಳು ದೊಡ್ಡಿಯಲ್ಲಿ ದನ ಕೂಡಿ, ರಾಶಿಯಾದ ಸಗಣಿಗೆ ಮತ್ತೆ ಮತ್ತೆ ಬೆಂಕಿ ಹಾಕಿದ್ದರಿಂದ ಎದ್ದ ದಿಬ್ಬಗಳು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಸುಳಿವು ಹಿಡಿದರು. 1957ರಲ್ಲಿ ರಾಯಚೂರಿನ ಆಚೆಯ ಉಟ್ನೂರಿನಲ್ಲಿ ಅಗೆದ ಪುರಾತತ್ವಜ್ಞ ಆಲ್ಚಿನ್ ಅವರಿಗೆ ಬೂದಿಯಲ್ಲಿ ಒತ್ತಿ ಉಳಿದ ದನದ ಗೊರಸಿನ ಗುರುತುಗಳೇ ಸಿಕ್ಕವು. ಅದೇ ಆಲ್ಚಿನ್ ಅದಕ್ಕೂ ಮುಂಚೆ ಅಗೆದದ್ದು ಮುದಗಲ್ಲಿನ ಹತ್ತಿರದ ಪಿಕ್ಲಿಹಾಳವನ್ನು, ನಮ್ಮ ಲಿಂಗಸುಗೂರು ತಾಲ್ಲೂಕಿನಲ್ಲೇ. ಅಲ್ಲಿಯ ಬಂಡೆಗಳ ಮೇಲೆ ಆ ಕಾಲದವರು ಕುಟ್ಟಿ ಬಿಡಿಸಿದ ಎತ್ತುಗಳು ಇವತ್ತಿಗೂ ಕಾಣುತ್ತವೆ. ಸುರಪುರ ತಾಲ್ಲೂಕಿನ ಬೂದಿಹಾಳದಲ್ಲಿ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಇಂಥದೇ ದೊಡ್ಡ ದಿಬ್ಬವನ್ನು ವರ್ಷಗಟ್ಟಲೆ ಅಗೆದು ಓದಿದರು.

ಹಾಗಾದರೆ ನಮ್ಮಲ್ಲಿ ನಿಜವಾದ ಜ್ವಾಲಾಮುಖಿ ಇರಲೇ ಇಲ್ಲವೇ? ಇತ್ತು, ಅದೂ ಗುರುಗುಂಟಾದ ಮಗ್ಗುಲಲ್ಲೇ. ಹಟ್ಟಿಯ ಚಿನ್ನ ಸಿಗುವ ಕಪ್ಪು–ಹಸಿರು ಕಲ್ಲು ಮೂಲತಃ ಲಾವಾ. 250 ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿ ಕಡಲಿತ್ತು. ಕಡಲ ತಳದಲ್ಲಿ ಲಾವಾ ಉಕ್ಕುತ್ತಿತ್ತು. ನೀರಿನೊಳಗೆ ಹರಿದ ಲಾವಾ ಹೊರಗಿನಿಂದ ತಟ್ಟನೆ ಹೆಪ್ಪುಗಟ್ಟಿ ಗುಂಡುಗುಂಡಾಗಿ ಒಂದರ ಮೇಲೊಂದು ಪೇರಿಸಿಕೊಳ್ಳುತ್ತದೆ. ಭೂವಿಜ್ಞಾನಿಗಳು ಅದನ್ನು ದಿಂಬು ಲಾವಾ ಎನ್ನುತ್ತಾರೆ. ಹಟ್ಟಿ–ಮಸ್ಕಿ ಪಟ್ಟಿಯ ಕಲ್ಲುಗಳಲ್ಲಿ ಆ ಗುರುತು ಉಳಿದಿದೆ. ಚೆಂದಾಗಿ ನೋಡಬೇಕೆಂದರೆ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಗೆ ಹೋಗಬೇಕು; ಅಲ್ಲಿಯ ದಿಂಬು ಲಾವಾ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಚಿನ್ನ ಬಂದದ್ದು ಆಮೇಲೆ. ಲಾವಾ ಕಲ್ಲಾಗಿ, ನೆಲದೊಳಗೆ ಹೂತು, ಒತ್ತಿ ತಿರುಚಿಕೊಂಡು ಬಿರುಕು ಬಿಟ್ಟಾಗ, ಆಳದಿಂದ ಕುದಿನೀರು ಕರಗಿದ ಚಿನ್ನವನ್ನೂ ಬೆಣಚನ್ನೂ ಹೊತ್ತು ಆ ಬಿರುಕುಗಳಿಗೆ ಏರಿತು. ಹಟ್ಟಿಯ ಕಾರ್ಮಿಕರ ಬಾಯಲ್ಲಿ ಅವೇ ರೀಫುಗಳು. ಓಕ್ಲೀಸ್ ರೀಫ್, ಮಿಡಲ್ ರೀಫ್, ಸ್ಟ್ರೈಕ್ ರೀಫ್, ವಿಲೇಜ್ ರೀಫ್ ಎಂದು ಒಂದೊಂದಕ್ಕೂ ಹೆಸರು. ಎರಡು ಸಾವಿರ ವರ್ಷಗಳ ಹಿಂದೆಯೇ ಇಲ್ಲಿ ಗಣಿಗಾರಿಕೆ ನಡೆದಿತ್ತು. ಡೈನಮೈಟ್ ಇಲ್ಲದ ಕಾಲ. ಬಂಡೆಗೆ ಬೆಂಕಿ ಹಚ್ಚಿ ಕಾಯಿಸಿ, ನೀರೆರಚಿ ಸಿಡಿಸಿ, ನೂರಾರು ಅಡಿ ಆಳಕ್ಕೆ ಇಳಿದಿದ್ದರು. ಈಗಿನ ಕಂಪನಿ 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂದು ಹುಟ್ಟಿ, ರಾಜ್ಯ ಪುನರ್ವಿಂಗಡಣೆಯಾದ ಮೇಲೆ ಹಟ್ಟಿ ಚಿನ್ನದ ಗಣಿಯಾಯಿತು. 2001ರಲ್ಲಿ ಕೆಜಿಎಫ್ ಬಾಗಿಲು ಹಾಕಿದ ಮೇಲೆ ದೇಶದ ದೊಡ್ಡ ಚಿನ್ನದ ಗಣಿ ಇದೊಂದೇ.

ಮಸ್ಕಿಯ ಅಶೋಕನ ಶಾಸನವನ್ನು ಪತ್ತೆ ಮಾಡಿದವರು ಇತಿಹಾಸಕಾರರಲ್ಲ. 1915ರಲ್ಲಿ ಚಿನ್ನ ಹುಡುಕುತ್ತಾ ಬಂದ ಗಣಿ ಎಂಜಿನಿಯರ್ ಸಿ. ಬೀಡನ್. ಅಲ್ಲಿಯವರೆಗೆ ಸಿಕ್ಕ ಅವನ ಶಾಸನಗಳಲ್ಲೆಲ್ಲ ದೇವಾನಾಂಪ್ರಿಯದಂಥ ಬಿರುದುಗಳು ಮಾತ್ರ ಇದ್ದವು. ಅಶೋಕ ಎಂಬ ಹೆಸರನ್ನು ಮೊದಲು ಹೇಳಿದ್ದು ಮಸ್ಕಿಯ ಬಂಡೆ.

ಈಗ ಮತ್ತೆ ದೋಣಿ ಹತ್ತಿ ಸಮೋಸಿರ್‌ಗೆ. ಅಲ್ಲಿಯ ಬಟಕ್ ಜನಕ್ಕೆ ಅವರದೇ ಲಿಪಿಯಿದೆ. ಅದರ ಬೇರು ಹಿಡಿದು ಹೋದರೆ ಜಾವಾದ ಕವಿ ಲಿಪಿ, ಅಲ್ಲಿಂದ ಪಲ್ಲವ ಲಿಪಿ, ಅಲ್ಲಿಂದ ಬ್ರಾಹ್ಮಿ. ಮಸ್ಕಿಯ ಬಂಡೆಯ ಮೇಲಿರುವುದೂ ಅದೇ ಬ್ರಾಹ್ಮಿ, ಕನ್ನಡ ಲಿಪಿಯ ಮೂಲವೂ ಅದೇ. ಬಟಕ್ ಪೂಜಾರಿಗಳು ಮರದ ತೊಗಟೆಯನ್ನು ಮಡಿಕೆ ಮಡಿಕೆಯಾಗಿ ಜೋಡಿಸಿ ಪುಸ್ತಕ ಮಾಡುತ್ತಿದ್ದರು: ಮಂತ್ರ, ಮದ್ದು, ಮುಹೂರ್ತ. ಬಿದಿರಿನ ಮೇಲೆ ಪಂಚಾಂಗ ಕೆತ್ತುತ್ತಿದ್ದರು. ಅದರಲ್ಲಿ ವಾರಗಳ ಹೆಸರು ಅರ್ತಿಯಾ, ಸುಮಾ, ಅಂಗ್ಗಾರಾ, ಮುದಾ, ಬೊರಾಸ್ಪತಿ... ಉಳಿದೆರಡನ್ನು ನೀವೇ ಊಹಿಸಿ.

ಕರ್ಪೂರ ಎಲ್ಲಿಂದ ಬರುತ್ತಿತ್ತು ಗೊತ್ತೇ? ತೋಬಾದ ಪಶ್ಚಿಮಕ್ಕೆ ಕಡಲ ದಂಡೆಯಲ್ಲಿ ಬಾರುಸ್ ಎಂಬ ಹಳೆಯ ಬಂದರು. ಬಟಕ್ ಕಾಡುಗಳ ದೈತ್ಯ ಮರಗಳ ಸೀಳಿನಲ್ಲಿ ಗಟ್ಟಿಯಾದ ಕರ್ಪೂರವನ್ನು ಅಲ್ಲಿಗೆ ತಂದು ಮಾರುತ್ತಿದ್ದರು. ಲಡ್ಡುವಿಗೂ ತೀರ್ಥಕ್ಕೂ ಹಾಕುವ ಪಚ್ಚಕರ್ಪೂರ ಆ ಜಾತಿಯದು. ಬಾರುಸ್ ಹತ್ತಿರದ ಲೋಬು ತುವಾದಲ್ಲಿ 1088ರ ತಮಿಳು ಶಾಸನವೊಂದು ಸಿಕ್ಕಿದೆ. ಅದರಲ್ಲಿ ಹೆಸರಿರುವುದು ಐನೂರ್ವರು ಎಂಬ ವ್ಯಾಪಾರಿ ಸಂಘದ್ದು. ಆ ಐನೂರ್ವರ ಮೂಲ ನೆಲೆ ಅಯ್ಯಾವೊಳೆ, ಅಂದರೆ ನಮ್ಮ ಐಹೊಳೆ! ಐಹೊಳೆಯ ದಂಡೆಯಲ್ಲಿ ಹರಿಯುವ ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರಿ, ನಾರಾಯಣಪುರದ ಬಸವಸಾಗರ ದಾಟಿ ಲಿಂಗಸುಗೂರು ತಾಲ್ಲೂಕಿನ ಅಂಚು ಸವರಿಕೊಂಡು ಹೋಗುತ್ತದೆ. ಹೋಳಿ ಹುಣ್ಣಿಮೆಯ ಆಸುಪಾಸು ಗುರುಗುಂಟಾ ಅಮರೇಶ್ವರನ ಜಾತ್ರೆಯಲ್ಲಿ ಉರಿಯುವ ಕರ್ಪೂರವೇನೋ ಈಗ ಕಾರ್ಖಾನೆಯದು, ಪೈನ್ ಮರದ ಟರ್ಪೆಂಟೈನಿನಿಂದ ಮಾಡಿದ್ದು.

ಮದುವೆಯ ವಿಷಯಕ್ಕೆ ಬಂದರೆ ಬಟಕ್ ಮಂದಿ ನಮ್ಮವರೇ ಅನಿಸಿಬಿಡುತ್ತಾರೆ. ಅವರಲ್ಲಿ ಮಾರ್ಗಾ ಎಂಬ ಕುಲಗಳು. ಒಂದೇ ಮಾರ್ಗಾದವರು ಲಗ್ನವಾಗುವಂತಿಲ್ಲ, ನಮ್ಮ ಬೆಡಗಿನ ಲೆಕ್ಕವೇ. ಗಂಡಿಗೆ ಅತ್ಯುತ್ತಮ ಹೆಣ್ಣು ಯಾರು? ಸೋದರಮಾವನ ಮಗಳು. ಸೋದರಮಾವನಿಗೆ ತುಲಾಂಗ್ ಎನ್ನುತ್ತಾರೆ. ಅವನ ಮುಂದೆ ಅಳಿಯ ತಗ್ಗಿಬಗ್ಗಿ ನಡೆಯಬೇಕು, ಶುಭಕಾರ್ಯದಲ್ಲಿ ಅವನ ಆಶೀರ್ವಾದ ಮೊದಲು ಬೇಕು, ಅವನು ಹೊದಿಸುವ ಉಲೋಸ್ ಎಂಬ ಕೈಮಗ್ಗದ ಶಾಲು ಬೇಕು. ಹೆಣ್ಣು ಕೊಟ್ಟ ಮನೆ ಮೇಲು, ತಂದ ಮನೆ ಕೆಳಗೆ ಎಂಬುದು ಅಲ್ಲಿಯ ರಿವಾಜು. ಬೀಗರ ಮುಂದೆ ಮಗಳ ತಂದೆಯೇ ಕೈಕಟ್ಟಿ ನಿಲ್ಲುವ ನಮ್ಮ ಕಡೆಯ ಪದ್ಧತಿಗೆ ಇದು ಪೂರಾ ಉಲ್ಟಾ. ಈ ಒಂದು ವಿಷಯದಲ್ಲಿ ಅವರಿಂದ ಕಲಿತರೆ ನಷ್ಟವಿಲ್ಲ. ಆದರೆ ನಮ್ಮಲ್ಲಿ ನಡೆಯುವ ಸೋದರತ್ತೆಯ ಮಗಳು, ಅಕ್ಕನ ಮಗಳು ಎರಡೂ ಅಲ್ಲಿ ನಿಷಿದ್ಧ. ಹೆಣ್ಣು ಹರಿಯುವುದು ಒಂದೇ ದಿಕ್ಕಿಗೆ, ಹಿಂದಕ್ಕೆ ಬರುವಂತಿಲ್ಲ.

ಬಟಕ್ ಮನೆಯ ಮಾಡು ಎರಡೂ ತುದಿಗೆ ಮೇಲೆದ್ದು ನಡುವೆ ತಗ್ಗಿರುತ್ತದೆ. ಮೊಳೆ ಬಳಸದೆ ಮರಕ್ಕೆ ಮರ ಕೂಡಿಸಿ ಕಟ್ಟಿದ್ದು. ಕಂಬಗಳ ಮೇಲೆ ಮನೆ, ಕೆಳಗೆ ದನ–ಹಂದಿ. ಏಣಿ ಹತ್ತಿ ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು.

ತೋಮೋಕ್ ಹಳ್ಳಿಯಲ್ಲಿ ಆಳೆತ್ತರದ ಮರದ ಗೊಂಬೆ ಕುಣಿಯುತ್ತದೆ, ಹೆಸರು ಸಿಗಾಲೆ ಗಾಲೆ. ಮಗನನ್ನು ಕಳೆದುಕೊಂಡ ರಾಜನಿಗಾಗಿ ಮಗನ ಹೋಲಿಕೆಯಲ್ಲೇ ಕೆತ್ತಿದ ಗೊಂಬೆ ಎಂದು ಕಥೆ. ಮಕ್ಕಳಿಲ್ಲದೆ ಸತ್ತವರ ಅಂತ್ಯಕ್ರಿಯೆಯಲ್ಲಿ ಕುಣಿಸುತ್ತಿದ್ದ ಈ ಗೊಂಬೆಯನ್ನು ಈಗ ಪ್ರವಾಸಿಗರ ಮುಂದೆ ದುಡ್ಡಿಗೆ ಕುಣಿಸುತ್ತಾರೆ. ಇದು ನನಗೆ ಅಷ್ಟು ಹಿಡಿಸಲಿಲ್ಲ. ಆದರೆ ಹಿಂದಿನಿಂದ ದಾರ ಎಳೆಯುವವನ ಕೈಚಳಕ ನೋಡುವಂಥದು.

ಊಟ? ಅರ್ಸಿಕ್ ಎಂಬ ಮೀನಿನ ಅಡುಗೆಗೆ ಅಂದಾಲಿಮಾನ್ ಎಂಬ ಕಾಳು ಹಾಕುತ್ತಾರೆ, ನಾಲಿಗೆ ಜುಮ್ಮೆನ್ನುತ್ತದೆ. ಮಲೆನಾಡಿನ ಜುಮ್ಮನಕಾಯಿ, ಕರಾವಳಿಯ ತೆಪ್ಪಲ ಇದೇ ಗಿಡದ ಬಳಗ. ಸಮೋಸಿರಿನ ಬಹುತೇಕರು ಕ್ರೈಸ್ತರು, ಊಟದಲ್ಲಿ ಹಂದಿಮಾಂಸ ಸಾಮಾನ್ಯ. ಸಸ್ಯಾಹಾರಿಗಳು ಆರ್ಡರ್ ಕೊಡುವ ಮೊದಲೇ ಬಿಡಿಸಿ ಹೇಳಬೇಕು. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ ಚೀಲದಲ್ಲಿದ್ದರೆ ಅಜ್ಜಿ ನಿಶ್ಚಿಂತೆ.

ಗುರುಗುಂಟಾದವರು ಹೋಗುವುದಾದರೆ ಹೈದರಾಬಾದ್, ಕ್ವಾಲಾಲಂಪುರ, ಮೇದಾನ್ ಎಂದು ಮೂರು ವಿಮಾನ ನಿಲ್ದಾಣ ದಾಟಿ, ರಸ್ತೆಯಲ್ಲಿ ಪರಾಪತ್ ಎಂಬ ದಡದ ಊರಿಗೆ, ಅಲ್ಲಿಂದ ದೋಣಿ. ಮೇದಾನ್‌ನಲ್ಲಿ 1884ರ ಮಾರಿಯಮ್ಮನ ಗುಡಿಯಿದೆ, ತೋಟಗಳಿಗೆ ಕೂಲಿಗೆ ಹೋದ ತಮಿಳರು ಕಟ್ಟಿದ್ದು. ಗಡಿಯಾರ ಒಂದೂವರೆ ತಾಸು ಮುಂದಿಡಿ. ನಮ್ಮ ಒಂದು ರೂಪಾಯಿಗೆ ಅಲ್ಲಿಯ ನೂರಕ್ಕೂ ಮಿಕ್ಕಿ ರುಪಿಯಾ ಸಿಗುವುದರಿಂದ ಚಿಲ್ಲರೆ ಕಾಸಿನ ಹುಡುಗನೂ ಲಕ್ಷಾಧೀಶ. ಸಮಭಾಜಕದ ಪಕ್ಕವೇ ಇದ್ದರೂ ಸೆಕೆ ಇಲ್ಲ. ಸರೋವರದ ನೀರೇ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಏಪ್ರಿಲ್–ಮೇನಲ್ಲಿ ಬೇಯುವ ರಾಯಚೂರು ಜಿಲ್ಲೆಯವರಿಗೆ ಅದೇ ಸ್ವರ್ಗ.

ದೋಣಿ ಹತ್ತುವಾಗ ಲೈಫ್ ಜಾಕೆಟ್ ಕೇಳಿ ಹಾಕಿಸಿಕೊಳ್ಳಿ. 2018ರ ಜೂನ್ 18ರಂದು ರಂಜಾನ್ ರಜೆಯ ಜನಜಂಗುಳಿಯಲ್ಲಿ ಮಿತಿಮೀರಿ ತುಂಬಿಕೊಂಡ ಸಿನಾರ್ ಬಂಗುನ್ ಎಂಬ ದೋಣಿ ತೋಬಾದಲ್ಲಿ ಮುಳುಗಿತು. 160ಕ್ಕೂ ಹೆಚ್ಚು ಮಂದಿ ಹೋದರು. ದೋಣಿ ಇದ್ದದ್ದು ಸುಮಾರು 450 ಮೀಟರ್ ಆಳದಲ್ಲಿ, ಮೇಲೆ ತರಲಾಗಲಿಲ್ಲ.

ಬೆಂಕಿ ಸರೋವರದ ಊರುಗಳು ಬೇರೆಡೆಯೂ ಇವೆ. ನಿಕರಾಗುವಾದ ಸಿಹಿನೀರಿನ ಸರೋವರದಲ್ಲಿ ಒಮೆಟೆಪೆ ದ್ವೀಪ: ಎರಡು ಜ್ವಾಲಾಮುಖಿಗಳು ಸೊಂಟಕ್ಕೆ ಸೊಂಟ ತಾಗಿಸಿ ನಿಂತು ಆದದ್ದು, ಒಂದು ಇನ್ನೂ ಹೊಗೆಯಾಡುತ್ತದೆ. ಆ ಸರೋವರದಲ್ಲಿ ಶಾರ್ಕ್‌ಗಳಿವೆ, ಕಡಲಿನಿಂದ ನದಿ ಹತ್ತಿ ಬಂದವು.

ಫಿಲಿಪ್ಪೀನ್ಸಿನ ತಾಲ್ ಸರೋವರ ಮೊದಲು ಕಡಲಿಗೆ ಬಾಯಿ ತೆರೆದಿತ್ತು. 1754ರ ಸ್ಫೋಟದ ಬೂದಿ ಆ ಬಾಯಿ ಮುಚ್ಚಿತು, ನೀರು ಕ್ರಮೇಣ ಸಿಹಿಯಾಯಿತು. ಒಳಗೆ ಸಿಕ್ಕಿಬಿದ್ದ ಸಾರ್ಡೀನ್ ಮೀನು ಸಿಹಿನೀರಿಗೇ ಒಗ್ಗಿಕೊಂಡಿತು. ಮಂಗಳೂರಿನ ಬೂತಾಯಿಯ ದೂರದ ಬಂಧು. ತಾಲ್ ನಡುವಿನ ಜ್ವಾಲಾಮುಖಿ ದ್ವೀಪದ ಹಳ್ಳಿಗರು ಕುದುರೆ ಮೇಲೆ ಪ್ರವಾಸಿಗರನ್ನು ಬೆಟ್ಟದ ತುದಿಗೆ ಕರೆದೊಯ್ದು ಹೊಟ್ಟೆ ಹೊರೆಯುತ್ತಿದ್ದರು. 2020ರ ಜನವರಿ 12ರಂದು ಬೆಟ್ಟ ಸಿಡಿಯಿತು. ದ್ವೀಪ ಖಾಲಿ ಮಾಡಿಸಿದ ಸರ್ಕಾರ, ಇನ್ನು ಅಲ್ಲಿ ವಾಸ ಬೇಡ ಎಂದಿತು. ಕ್ಯಾಮರೂನಿನ ನ್ಯೋಸ್ ಕೆರೆ ಬೆಂಕಿಯನ್ನೇ ಕಾರದೆ ಕೊಂದದ್ದು: 1986ರ ಆಗಸ್ಟ್ 21ರ ರಾತ್ರಿ ತಳದಲ್ಲಿ ಸೇರಿಕೊಂಡಿದ್ದ ಇಂಗಾಲದ ಡೈಆಕ್ಸೈಡ್ ಉಕ್ಕಿ, 1,700ಕ್ಕೂ ಹೆಚ್ಚು ಮಂದಿ ಮಲಗಿದಲ್ಲೇ ಸತ್ತರು.

ಭಾರತದಲ್ಲಿ ಜೀವಂತ ಜ್ವಾಲಾಮುಖಿ ಒಂದೇ, ಅಂಡಮಾನಿನ ಬ್ಯಾರನ್ ದ್ವೀಪ. ಊರಿಲ್ಲ, ಜನವಿಲ್ಲ.

ಮಹಾರಾಷ್ಟ್ರದ ಲೋಣಾರ್ ಸರೋವರ? ಲಾವಾ ಕಲ್ಲಿನಲ್ಲಿದ್ದರೂ ಅದು ಜ್ವಾಲಾಮುಖಿಯ ಬಾಯಲ್ಲ, ಉಲ್ಕೆ ಬಿದ್ದ ಗುಂಡಿ. ಬಹುಕಾಲ ಪಂಡಿತರೂ ಜ್ವಾಲಾಮುಖಿ ಎಂದೇ ನಂಬಿದ್ದರು. 2020ರ ಜೂನ್‌ನಲ್ಲಿ ಅದರ ಉಪ್ಪುನೀರು ಸೂಕ್ಷ್ಮಜೀವಿಗಳಿಂದ ಗುಲಾಬಿ ಬಣ್ಣಕ್ಕೆ ತಿರುಗಿ ಟಿವಿಗಳಲ್ಲೆಲ್ಲ ಮೆರೆಯಿತು.

ಇಷ್ಟು ಹೇಳಿದ ಮೇಲೆ ನಮ್ಮೂರ ದ್ವೀಪಗಳ ಮಾತಾಡದಿದ್ದರೆ ಹೇಗೆ? ಲಿಂಗಸುಗೂರು ತಾಲ್ಲೂಕಿನಲ್ಲಿ ಕೃಷ್ಣೆ ಕವಲೊಡೆದು ಮತ್ತೆ ಕೂಡುವ ಕಡೆಗಳಲ್ಲಿ ನಡುಗಡ್ಡೆಗಳಿವೆ, ಜನರ ಬಾಯಲ್ಲಿ ಗಡ್ಡಿ. ಜಲದುರ್ಗ, ಹಂಚಿನಾಳ, ಯಳಗುಂದಿ, ಯರಗೋಡಿ, ಕಡದರಗಡ್ಡಿ ಇವೆಲ್ಲ ಹೊಳೆಯ ನಡುವಿನ ಊರುಗಳು. ಕರಕಲಗಡ್ಡಿ, ಮ್ಯಾದರಗಡ್ಡಿಗಳಲ್ಲಿ ಬೆರಳೆಣಿಕೆಯ ಮನೆಗಳು, ಕುರಿ, ದನ. ಇನ್ನೂ ಕೆಳಗೆ ರಾಯಚೂರು ತಾಲ್ಲೂಕಿನಲ್ಲಿ ಕುರ್ವಕಲಾ, ಕುರ್ವಕುರ್ದಾ, ನಾರದಗಡ್ಡೆ.

ಇಲ್ಲೇ ಯಾಕೆ ಇಷ್ಟು ಗಡ್ಡಿಗಳು? ಕೃಷ್ಣೆ ದಖ್ಖನ್ನಿನ ಮೇಲ್ನೆಲದಿಂದ ರಾಯಚೂರು ದೋಆಬಿನ ಬಯಲಿಗೆ ಇಳಿಯುವ ಜಾಗ ಇದು. ಸುಮಾರು 3 ಮೈಲಿಯಲ್ಲಿ ಹೊಳೆ 408 ಅಡಿ ಇಳಿಯುತ್ತದೆ ಎಂದು ಹಳೆಯ ಗೆಜೆಟಿಯರ್ ಬರೆದಿದೆ. ಗಟ್ಟಿ ಕಲ್ಲಿನ ಪಾತ್ರದಲ್ಲಿ ಅಷ್ಟು ಇಳಿಜಾರು ಸಿಕ್ಕಾಗ ನೀರು ಒಂದೇ ದಾರಿ ಹಿಡಿಯುವುದಿಲ್ಲ, ಬಿರುಕು ಕಂಡಲ್ಲಿ ನುಗ್ಗಿ ಕವಲಾಗುತ್ತದೆ. ನಡುವೆ ಉಳಿದದ್ದೇ ಗಡ್ಡಿ.

ಜಲದುರ್ಗದ ಕೋಟೆ ಹೊಳೆಯನ್ನೇ ಕಂದಕ ಮಾಡಿಕೊಂಡದ್ದು. ದೇವಗಿರಿಯ ಯಾದವರ ಕಾಲದ್ದೆಂಬ ಮಾತಿದೆ; ಆಮೇಲೆ ಆದಿಲ್‌ಶಾಹಿಗಳ ಕೈಯಲ್ಲಿತ್ತು. ಶಿಕ್ಷೆಯಾದವರನ್ನು ಕೋಟೆಯ ತುದಿಯಿಂದ ಹೊಳೆಗೆ ತಳ್ಳುತ್ತಿದ್ದರೆಂದು ಊರವರು ಜಾಗ ತೋರಿಸುತ್ತಾರೆ. ಸಮೋಸಿರಿನ ಅಂಬರಿತಾದಲ್ಲೂ ಪ್ರವಾಸಿಗರು ಮುಗಿಬೀಳುವುದು ರಾಜ ಕೂತು ಶಿಕ್ಷೆ ವಿಧಿಸುತ್ತಿದ್ದ ಕಲ್ಲಿನ ಕುರ್ಚಿಗಳ ಮುಂದೆಯೇ. ಪ್ರವಾಸಿಗೆ ಎಲ್ಲಿ ಹೋದರೂ ಇಂಥ ಕಥೆಯೇ ಬೇಕು.

ಗಡ್ಡಿಯವರು ಹೊಳೆ ದಾಟುವ ಹರಗೋಲಿನ ವಯಸ್ಸೆಷ್ಟು? ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪೇಸ್ 1520ರ ಸುಮಾರಿಗೇ ಬುಟ್ಟಿಯಂತೆ ದುಂಡಗಿನ, ಹೊರಗೆ ತೊಗಲು ಹೊದಿಸಿದ ದೋಣಿಗಳನ್ನು ಕಂಡು ಬರೆದಿದ್ದಾನೆ. ಹದಿನೈದಿಪ್ಪತ್ತು ಜನ ಅದರಲ್ಲಿ ಹಿಡಿಸುತ್ತಿದ್ದರಂತೆ, ಅಗತ್ಯ ಬಿದ್ದರೆ ಕುದುರೆ, ಎತ್ತೂ ಅದರಲ್ಲೇ ದಾಟುತ್ತಿದ್ದವಂತೆ. ತೊಗಲಿನ ಜಾಗಕ್ಕೆ ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು, ಫೈಬರ್ ಬಂದಿವೆ, ಆಕಾರ ಅದೇ. 2020ರ ಆಗಸ್ಟ್‌ನಲ್ಲಿ ಕುರ್ವಕುರ್ದಾದ ಹರಗೋಲು ಮಗುಚಿ ಜೀವಗಳು ಹೋದವು. ಸಂತೆಗೆ, ಆಸ್ಪತ್ರೆಗೆ ದಾಟಲು ಆ ಊರವರಿಗಿದ್ದದ್ದು ಅದೊಂದೇ ದಾರಿ.

ಸಮೋಸಿರಿಗೂ ನಮ್ಮ ಗಡ್ಡಿಗಳಿಗೂ ಇರುವ ದೊಡ್ಡ ಅಂತರ ಇಲ್ಲಿದೆ. ತೋಬಾದ ನೀರು ಕಾಲಕಾಲಕ್ಕೆ ಅಲ್ಪಸ್ವಲ್ಪ ಏರಿಳಿಯುತ್ತದೆ, ಅಷ್ಟೆ. ಕೃಷ್ಣೆಯದು ಹಾಗಲ್ಲ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹೊಡೆದರೆ, ಇಲ್ಲಿ ಹನಿ ಬೀಳದಿದ್ದರೂ ಹೊಳೆ ಬರುತ್ತದೆ. 2019ರ ಆಗಸ್ಟ್‌ನಲ್ಲಿ ನಾರಾಯಣಪುರದಿಂದ ಬಿಟ್ಟ ನೀರು 6 ಲಕ್ಷ ಕ್ಯೂಸೆಕ್ ದಾಟಿತ್ತು. ನೀರು ಲಕ್ಷದ ಲೆಕ್ಕಕ್ಕೆ ಏರಿದಾಗ ಗಡ್ಡಿಗಳಿಗೆ ಹೋಗುವ ದಾರಿಯ ಶೀಲಹಳ್ಳಿಯ ತಗ್ಗು ಸೇತುವೆ ಮುಳುಗಿ, ಆಚೆಯ ಊರುಗಳು ಸಂಪರ್ಕ ಕಳೆದುಕೊಂಡ ಸುದ್ದಿ ಮಳೆಗಾಲದಲ್ಲಿ ಪದೇ ಪದೇ ಬರುತ್ತದೆ. ಬಾಣಂತಿ, ಶಾಲೆಯ ಮಕ್ಕಳು, ಹಾಲಿನ ಕ್ಯಾನು ಎಲ್ಲವೂ ಇಳಿತಕ್ಕೆ ಕಾಯಬೇಕು. ಅಲ್ಲಿ ಎತ್ತರದ ಸೇತುವೆ ಹಾಕಿದರೆ ದ್ವೀಪದ ಸೊಗಸು ಹೋಗುತ್ತದೆ ಎನ್ನುವ ಪ್ರವಾಸಿ, ಒಂದು ಆಗಸ್ಟ್ ತಿಂಗಳು ಅಲ್ಲೇ ಕಳೆದು ಆಮೇಲೆ ಮಾತಾಡಲಿ.

ನಿಜಾಮರ ಕಾಲದಲ್ಲಿ ಗುರುಗುಂಟಾ ನಾಯಕರ ಸಂಸ್ಥಾನವಾಗಿತ್ತು. ಈಗ ರಜೆಗೆ ಬರುವವರಿಗೆ ಅದು ಒಳ್ಳೆಯ ಠಾಣ್ಯ: ಒಂದು ಕಡೆ ಹಟ್ಟಿಯ ಲಾವಾ ಕಲ್ಲು, ಇನ್ನೊಂದು ಕಡೆ ಮಸ್ಕಿಯ ಬ್ರಾಹ್ಮಿ, ಲಿಂಗಸುಗೂರು ದಾಟಿದರೆ ಮುದಗಲ್ಲ ಕೋಟೆ, ಪಿಕ್ಲಿಹಾಳದ ಎತ್ತು, ಜಲದುರ್ಗ, ಹೊಳೆಯಾಚೆ ಛಾಯಾ ಭಗವತಿ. ಗಣಿಯ ಒಳಗೆ ಸುಮ್ಮನೆ ಹೋದವರನ್ನು ಬಿಡುವುದಿಲ್ಲ, ಆ ಆಸೆ ಬೇಡ. ಕೃಷ್ಣೆಯಲ್ಲಿ ಮೊಸಳೆಗಳಿವೆ, ಮಕ್ಕಳನ್ನು ನೀರಿಗೆ ಇಳಿಸಬೇಡಿ, ದಂಡೆಯ ಬಂಡೆಯ ಮೇಲೂ ಊರವರನ್ನು ಕೇಳಿಯೇ ಕೂರಿ. ಜಲದುರ್ಗಕ್ಕೆ ಹೋಗಲು ನವೆಂಬರಿನಿಂದ ಫೆಬ್ರುವರಿವರೆಗೆ ಸರಿಯಾದ ಕಾಲ. ಮಳೆಗಾಲದಲ್ಲೇ ಹೋಗಬೇಕೆಂಬ ಹಟವಿದ್ದರೆ, ಗಾಡಿ ಹತ್ತುವ ಮೊದಲು ಆ ದಿನ ನಾರಾಯಣಪುರದಿಂದ ಎಷ್ಟು ಕ್ಯೂಸೆಕ್ ಬಿಟ್ಟಿದ್ದಾರೆಂದು ವಿಚಾರಿಸಿಕೊಳ್ಳಿ.